ಲೆನ್ಸ್ ಇಲ್ಲದೆ, ಸೂಜಿ ತೂತಿನಿಂದ, ಲೆನ್ಸ್ ಹಾಕಿ: ಸೆನ್ಸರ್ ವಸ್ತುವನ್ನು ಹಿಡಿಯುವ ಬಗೆ, ಹಂತ ಹಂತವಾಗಿ

ಕ್ಯಾಮೆರಾದ ಲೆನ್ಸ್ ಬಿಚ್ಚಿ ಫೋಟೊ ತೆಗೆದರೆ ಬರುವುದು ಬರಿ ಬಿಳಿ, ಇಲ್ಲವೇ ಬರಿ ಬೂದು. ಸೂಜಿ ತೂತಿನ ಕ್ಯಾಮೆರಾ ಮಾಡಲು ಹೋದವರಿಗೆ ಪೂರ್ತಿ ಕಪ್ಪು. ಹಳೆ ವೆಬ್‌ಕ್ಯಾಮ್ ಬಿಚ್ಚಿ ಅದರ ಮೇಲೆ ಹುಳದ ರೆಕ್ಕೆ ಇಟ್ಟವರಿಗೆ ಒಂದು ಮಸುಕು ಕಲೆ. ವಿಜ್ಞಾನ ಪ್ರದರ್ಶನಕ್ಕೆ ತಯಾರಿ ಮಾಡುವ ಮಕ್ಕಳಿರಲಿ, ಕಾಫಿ ಕಾಯಿಕೊರಕ ಹುಳವನ್ನು ಹತ್ತಿರದಿಂದ ನೋಡಬೇಕೆನ್ನುವ ಬೆಳೆಗಾರರಿರಲಿ, ಸಿಕ್ಕಿಕೊಳ್ಳುವುದು ಈ ಮೂರೇ ಕಡೆ.

ತಪ್ಪು ಕೈಯಲ್ಲಿಲ್ಲ, ಕ್ರಮದಲ್ಲಿದೆ. ಎಲ್ಲರೂ ನೇರವಾಗಿ ಸೂಜಿ ತೂತಿಗೆ ಹೋಗುತ್ತಾರೆ. ಬರಿ ಸೆನ್ಸರ್ (ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್) ಏನು ನೋಡುತ್ತದೆ ಎಂದು ಮೊದಲು ನೋಡುವುದೇ ಇಲ್ಲ. ಹಾಗಾಗಿ ಚಿತ್ರ ಬಾರದಿದ್ದಾಗ ಎಲ್ಲಿ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಕೆಳಗಿನ ಕ್ರಮದಲ್ಲೇ ಹೋಗಿ: ಬರಿ ಸೆನ್ಸರ್, ನೆರಳು, ತಾಗಿಸಿದ ನೆರಳು, ತೂತು, ಕೊನೆಗೆ ಲೆನ್ಸ್.

## ಶುರು ಮಾಡುವ ಮುಂಚೆ ಇದಿಷ್ಟು ಗೊತ್ತಿರಲಿ

ಸೆನ್ಸರ್‌ನಲ್ಲಿ ಬೆಳಕು ಅಳೆಯುವ ಲಕ್ಷಾಂತರ ಪುಟ್ಟ ಚೌಕಗಳು, ಅಂದರೆ ಪಿಕ್ಸೆಲ್‌ಗಳಿರುತ್ತವೆ. ಒಂದೊಂದು ಪಿಕ್ಸೆಲ್ಲೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ಎಲೆಕ್ಟ್ರಾನ್ ಸೇರಿಸಿಕೊಳ್ಳುತ್ತದೆ. ಶಟರ್ ಮುಚ್ಚಿದ ಮೇಲೆ ಆ ಲೆಕ್ಕ ಒಂದು ಸಂಖ್ಯೆಯಾಗುತ್ತದೆ. ಬಣ್ಣಕ್ಕಾಗಿ ಪಿಕ್ಸೆಲ್‌ಗಳ ಮೇಲೆ ಪುಟ್ಟ ಬಣ್ಣದ ಪರದೆ ಇರುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ಅರ್ಧದಷ್ಟು ಪಿಕ್ಸೆಲ್ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ.

ಬೆಳಕು ಎಷ್ಟು ಬಿತ್ತು ಎಂದು ಪಿಕ್ಸೆಲ್ಲಿಗೆ ಗೊತ್ತು. ಯಾವ ದಿಕ್ಕಿನಿಂದ ಬಂತು ಎಂದು ಗೊತ್ತಿಲ್ಲ. ಎದುರಿಗಿರುವ ಸಿಲ್ವರ್ ಓಕ್ ಮರದ ತುದಿಯಿಂದ ಬಂದ ಬೆಳಕು ಸೆನ್ಸರ್‌ನ ಎಲ್ಲ ಪಿಕ್ಸೆಲ್‌ಗಳ ಮೇಲೂ ಬೀಳುತ್ತದೆ. ಬುಡದಿಂದ ಬಂದದ್ದೂ ಅಷ್ಟೇ, ಹಿಂದಿನ ಆಕಾಶದ್ದೂ ಅಷ್ಟೇ. ಹತ್ತು ತೋಟದ ಕಾಫಿಯನ್ನು ಒಂದೇ ಕಣದಲ್ಲಿ ಬೆರೆಸಿದ ಮೇಲೆ ಯಾವ ಬೀಜ ಯಾರದ್ದು ಅಂತ ಹೇಳೋಕಾಗುತ್ತಾ? ಇಲ್ಲಿ ಆಗುವುದೂ ಅದೇ. ಎಲ್ಲ ಪಿಕ್ಸೆಲ್‌ಗೂ ಹೆಚ್ಚು ಕಡಿಮೆ ಒಂದೇ ಲೆಕ್ಕ ಬರುತ್ತದೆ. ಆ ಒಂದೇ ಲೆಕ್ಕವೇ ನೀವು ನೋಡಿದ ಬೂದು ಫ್ರೇಮ್.

ಅಂದರೆ ಚಿತ್ರ ಬೇಕಾದರೆ 'ಇಲ್ಲಿಂದ ಬಂದ ಬೆಳಕು ಅಲ್ಲಿಗೆ ಮಾತ್ರ' ಎಂದು ಯಾವುದಾದರೂ ಒಂದು ವಿಂಗಡಿಸಬೇಕು. ವಸ್ತುವನ್ನೇ ಸೆನ್ಸರ್‌ಗೆ ತಾಗಿಸಿಟ್ಟರೆ ನೆರಳು ಆ ಕೆಲಸ ಮಾಡುತ್ತದೆ. ಸಣ್ಣ ತೂತು ಬೇಡದ ಕಿರಣಗಳನ್ನು ತಡೆದು ಮಾಡುತ್ತದೆ. ಲೆನ್ಸ್ ಕಿರಣಗಳನ್ನು ಬಗ್ಗಿಸಿ ಒಂದೆಡೆ ಸೇರಿಸಿ ಮಾಡುತ್ತದೆ. ಮುಂದಿನ ಎಲ್ಲ ಹಂತಗಳೂ ಇದೇ ವಿಂಗಡಣೆಯ ಬೇರೆ ಬೇರೆ ದಾರಿಗಳು.

## ಬೇಕಾಗುವ ಸಾಮಾನು

ಲೆನ್ಸ್ ಬಿಚ್ಚಬಹುದಾದ ಯಾವುದೇ ಕ್ಯಾಮೆರಾ ಒಂದು. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವಂಥದ್ದು) ಆದರೂ ಸರಿ, ಮಿರರ್‌ಲೆಸ್ (ಕನ್ನಡಿ ಇಲ್ಲದ್ದು) ಆದರೂ ಸರಿ. ಫೋನ್ ಕ್ಯಾಮೆರಾ ಬಿಚ್ಚಲು ಹೋಗಬೇಡಿ. ಅದರ ಲೆನ್ಸ್, ಫೋಕಸ್ ಮೋಟಾರ್ ಎಲ್ಲ ಅಂಟಿಸಿ ಕೂರಿಸಿರುತ್ತಾರೆ, ಬಿಚ್ಚಿದರೆ ಫೋನೂ ಹೋಗುತ್ತದೆ.

ತಾಗಿಸಿ ನೋಡುವ ಹಂತಕ್ಕೆ ಒಂದು ಹಳೆ ಯುಎಸ್‌ಬಿ ವೆಬ್‌ಕ್ಯಾಮ್ ಬೇಕು. ಲೆನ್ಸನ್ನು ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವಂಥದ್ದೇ ಆರಿಸಿ, ಅದನ್ನು ಪೂರ್ತಿ ತಿರುಗಿಸಿದರೆ ಲೆನ್ಸ್ ಹೊರಗೆ ಬರುತ್ತದೆ. ಸ್ವಲ್ಪ ಖರ್ಚು ಮಾಡುತ್ತೀರಿ ಎಂದಾದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಜೋಡಿಸುವ ಎಚ್‌ಕ್ಯೂ ಕ್ಯಾಮೆರಾ ಇನ್ನೂ ಒಳ್ಳೆಯದು. ಅದು ಬರುವುದೇ ಲೆನ್ಸ್ ಇಲ್ಲದೆ. 12.3 ಮೆಗಾಪಿಕ್ಸೆಲ್, ಒಂದು ಪಿಕ್ಸೆಲ್ 1.55 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ).

ಉಳಿದದ್ದೆಲ್ಲ ಸಣ್ಣಪುಟ್ಟದ್ದು. ಕ್ಯಾಮೆರಾಕ್ಕೆ ಒಂದು ಹೆಚ್ಚುವರಿ ಬಾಡಿ ಕ್ಯಾಪ್ (ಲೆನ್ಸ್ ಇಲ್ಲದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ), ತಂಪು ಪಾನೀಯದ ಖಾಲಿ ಕ್ಯಾನ್, ತೆಳ್ಳಗಿನ ಹೊಲಿಗೆ ಸೂಜಿ, ತುಂಬಾ ನಯವಾದ ಮರಳು ಕಾಗದ, ಕಪ್ಪು ಟೇಪ್, ಕಪ್ಪು ಚಾರ್ಟ್ ಪೇಪರ್, ಅಡುಗೆಮನೆಯ ಕ್ಲಿಂಗ್ ಫಿಲ್ಮ್, ರಬ್ಬರ್ ಬ್ಯಾಂಡ್, ಮೈಕ್ರೋಸ್ಕೋಪ್‌ಗೆ ಬಳಸುವ ಕವರ್ ಸ್ಲಿಪ್, ಚಿಮುಟ, ಟ್ರೈಪಾಡ್, ಒಂದು ಎಲ್‌ಇಡಿ, ಫಾಯಿಲ್ ತುಂಡು, ಒಂದು ಭೂತಗನ್ನಡಿ. ಧೂಳು ಊದಲು ರಬ್ಬರ್ ಬ್ಲೋವರ್ ಇರಲೇಬೇಕು. ಇದೊಂದನ್ನು ಬಿಟ್ಟು ಶುರು ಮಾಡಬೇಡಿ.

## ಯಾವಾಗ, ಎಲ್ಲಿ ಮಾಡಬೇಕು

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಲೆನ್ಸ್ ತೆಗೆದು ಕೂರುವುದು ಬೇಡ. ಒದ್ದೆ ಗಾಳಿ ಕ್ಯಾಮೆರಾದೊಳಗೆ ಹೋದರೆ ಫಂಗಸ್‌ಗೆ ದಾರಿ ಮಾಡಿಕೊಟ್ಟಂತೆ. ತಣ್ಣಗಿನ ಕೋಣೆಯಲ್ಲಿದ್ದ ಕ್ಯಾಮೆರಾವನ್ನು ಹೊರಗೆ ತಂದು ತಕ್ಷಣ ಲೆನ್ಸ್ ಬಿಚ್ಚಬೇಡಿ, ಸೆನ್ಸರ್ ಮೇಲಿನ ಗಾಜಿನಲ್ಲಿ ಹನಿ ಕಟ್ಟುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಹೊರಗಿನ ಹವೆಗೆ ಹೊಂದಿಕೊಳ್ಳಲು ಬಿಡಿ.

ಒಳ್ಳೆಯ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಬಿಸಿಲು ಗಟ್ಟಿ, ಗಾಳಿ ಒಣ. ಆದರೆ ಕಣದಲ್ಲಿ ಕಾಫಿ ಒಣಗುತ್ತಿರುವ ಸಮಯವೂ ಅದೇ. ಕಾಫಿ ಕೆದಕುವಾಗ ಏಳುವ ಧೂಳು ಸೆನ್ಸರ್‌ಗೆ ಒಳ್ಳೆಯದಲ್ಲ. ಬಿಚ್ಚುವ ಕೆಲಸ ಮನೆಯೊಳಗೆ ಮಾಡಿ, ತೂತಿನ ಕ್ಯಾಪ್ ಹಾಕಿದ ಮೇಲೆ ಕಣಕ್ಕೆ ಹೋಗಿ.

ಇನ್ನೊಂದು ಮಾತು. ಮಡಿಕೇರಿಯ ರಾಜಾಸೀಟ್‌ನಲ್ಲೋ ಮಾಂದಲ್‌ಪಟ್ಟಿಯಲ್ಲೋ ಬೆಳಗಿನ ಮಂಜಿನಲ್ಲಿ ಮೊದಲ ಪಿನ್‌ಹೋಲ್ (ಸೂಜಿ ತೂತಿನ) ಚಿತ್ರ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ಮಂಜಿನಲ್ಲಿ ಬೆಳಕು ನೆರಳಿನ ವ್ಯತ್ಯಾಸವೇ ಇರುವುದಿಲ್ಲ. ತೂತು ಸರಿಯಾಗಿದ್ದರೂ ಫ್ರೇಮ್ ಖಾಲಿ ಕಾಣುತ್ತದೆ, ನೀವು ಸರಿಯಾದ ತೂತನ್ನೇ ಎಸೆದುಬಿಡುತ್ತೀರಿ. ಮೊದಲು ಬಿಸಿಲಲ್ಲಿ ಸುಣ್ಣದ ಗೋಡೆ, ಹೆಂಚಿನ ಮಾಡು, ಅದರ ಹಿಂದೆ ಆಕಾಶ ಇರುವಂಥ ದೃಶ್ಯ ಹಿಡಿಯಿರಿ.

## ಹಂತ 1: ಬರಿ ಸೆನ್ಸರ್ ನೋಡುವುದು ಏನು

1. ಮೆನುವಿನಲ್ಲಿ 'ಲೆನ್ಸ್ ಇಲ್ಲದೆ ಶಟರ್' ಎಂಬ ಅರ್ಥದ ಆಯ್ಕೆ ಇದ್ದರೆ ಆನ್ ಮಾಡಿ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದು ಹೆಚ್ಚಾಗಿ ಆಫ್ ಇರುತ್ತದೆ. ಶಟರ್ ಒತ್ತಿದರೂ ಏನೂ ಆಗದಿದ್ದರೆ ಕಾರಣ ಇದೇ, ಕ್ಯಾಮೆರಾ ಕೆಟ್ಟಿಲ್ಲ.

2. ಮ್ಯಾನ್ಯುಯಲ್ ಮೋಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ವೈಟ್ ಬ್ಯಾಲೆನ್ಸ್ ಬಿಸಿಲಿಗೆ. ಆಟೋ ಯಾವುದೂ ಬೇಡ.

3. ಫ್ಯಾನ್ ನಿಲ್ಲಿಸಿ. ಲೆನ್ಸ್ ತೆಗೆದು, ಕ್ಲಿಂಗ್ ಫಿಲ್ಮನ್ನು ಮೌಂಟಿನ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಉಂಗುರ) ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಧೂಳು ಒಳಗೆ ಹೋಗದು, ಬೆಳಕು ಹೋಗುತ್ತದೆ.

4. ಮನೆಯೊಳಗೆ ಕಿಟಕಿಗೆ ಎದುರಾಗಿ ಇಟ್ಟು 1/60 ಸೆಕೆಂಡ್‌ನಿಂದ ಶುರು ಮಾಡಿ. ಬಿಳಿಯಾದರೆ ವೇಗ ಹೆಚ್ಚಿಸಿ, ಕಪ್ಪಾದರೆ ತಗ್ಗಿಸಿ.

ಹೊರಗೆ ಬಿಸಿಲಲ್ಲಿ ಇದನ್ನು ಮಾಡಿದವರಿಗೆ ಬರಿ ಬಿಳಿ ಯಾಕೆ ಬರುತ್ತದೆ ಎಂದರೆ, ತೆರೆದ ಮೌಂಟ್ ಸುಮಾರು ಎಫ್ 1ರ ಲೆನ್ಸಿನಷ್ಟು ಬೆಳಕು ಬಿಡುತ್ತದೆ (ಎಫ್ ಸಂಖ್ಯೆ ಎಂದರೆ ಸೆನ್ಸರ್‌ಗಿರುವ ದೂರವನ್ನು ತೂತಿನ ಅಗಲದಿಂದ ಭಾಗಿಸಿದ್ದು, ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಬಿಸಿಲಲ್ಲಿ ಐಎಸ್‌ಒ 100ಕ್ಕೆ 1/25,000 ಸೆಕೆಂಡ್ ಬೇಕಾದೀತು. ಸುಮಾರು ಕ್ಯಾಮೆರಾಗಳ ಯಾಂತ್ರಿಕ ಶಟರ್ 1/4000ಕ್ಕೋ 1/8000ಕ್ಕೋ ನಿಲ್ಲುತ್ತದೆ.

ಈಗ ಫ್ರೇಮನ್ನು ಸರಿಯಾಗಿ ನೋಡಿ. ಪೂರ್ತಿ ಒಂದೇ ಬೂದು ಅಲ್ಲ, ಅಲ್ವಾ? ಕಿಟಕಿ ಒಂದು ಪಕ್ಕ ಇದ್ದರೆ ಫ್ರೇಮಿನ ಒಂದು ಕಡೆ ತುಸು ಬೆಳ್ಳಗೆ, ಇನ್ನೊಂದು ಕಡೆ ತುಸು ಮಂಕು. ಮೌಂಟಿನ ಬಾಯಿಯೇ ಒಂದು ದೊಡ್ಡ ತೂತು, ಅದು ಅಷ್ಟಿಷ್ಟು ವಿಂಗಡಿಸುತ್ತಿದೆ. ಇದನ್ನು ನೆನಪಿಡಿ, 5ನೇ ಹಂತ ನಿಂತಿರುವುದೇ ಇದರ ಮೇಲೆ. ಕೆಂಪು ಸೀರೆಯೊಂದನ್ನು ಎದುರು ಹಿಡಿಯಿರಿ. ಸೀರೆಯ ಅಂಚು, ಜರಿ ಏನೂ ಕಾಣದು, ಫ್ರೇಮ್ ಮಾತ್ರ ಕೆಂಪಾಗುತ್ತದೆ. ಸೆನ್ಸರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಡ.

## ಹಂತ 2: ದೂರದ ಬೆಳಕು, ಹತ್ತಿರದ ನೆರಳು

ರಾತ್ರಿ ಮಾಡಿ, ಇಲ್ಲವೇ ಕತ್ತಲೆ ಕೋಣೆಯಲ್ಲಿ. ಕರೆಂಟ್ ಹೋದಾಗ ಮಾಡಲು ಇದು ಹೇಳಿ ಮಾಡಿಸಿದ ಪ್ರಯೋಗ.

1. ಕ್ಯಾಮೆರಾವನ್ನು ಮೇಜಿನ ಮೇಲೆ ಇಡಿ. ಕ್ಲಿಂಗ್ ಫಿಲ್ಮ್ ಹಾಗೇ ಇರಲಿ.

2. ಫೋನ್ ಟಾರ್ಚ್ ಹಚ್ಚಿ, 2 ಮೀಟರ್ ದೂರದಲ್ಲಿ ಸೆನ್ಸರ್‌ಗೆ ನೇರವಾಗಿ ಇಡಿ.

3. ಜರಿಗಿಡದ ಎಲೆಯ ತುದಿಯೊಂದನ್ನು ಕೊಡವಿ, ಒರೆಸಿ, ಚಿಮುಟದಲ್ಲಿ ಮೌಂಟಿನ ಎದುರು ಹಿಡಿಯಿರಿ. ಫೋಟೊ ತೆಗೆಯಿರಿ.

ಎಲೆಯ ಹಲ್ಲು ಹಲ್ಲು ಅಂಚು ನೆರಳಾಗಿ ಚೆನ್ನಾಗಿ ಮೂಡುತ್ತದೆ. ಲೆನ್ಸ್ ಇಲ್ಲ, ಆದರೂ ಚಿತ್ರ ಬಂತು. ಬೆಳಕು ಒಂದೇ ಚುಕ್ಕೆಯಿಂದ ಬರುತ್ತಿದೆ, ಹಾಗಾಗಿ ಒಂದೊಂದು ಪಿಕ್ಸೆಲ್‌ಗೂ ಒಂದೇ ದಿಕ್ಕಿನ ಕಿರಣ. ವಿಂಗಡಣೆ ಬೆಳಕಿನ ಕಡೆಯಿಂದಲೇ ಆಗಿಹೋಯಿತು. ಆಸ್ಪತ್ರೆಯ ಎಕ್ಸ್‌ರೇ ಕೂಡ ಇದೇ ತತ್ವದ್ದು. ಅಲ್ಲಿ ಲೆನ್ಸ್ ಇರುವುದಿಲ್ಲ, ಚಿಕ್ಕ ಮೂಲದಿಂದ ಹೊರಟ ಕಿರಣ ಮೂಳೆಯ ನೆರಳನ್ನು ಪ್ಯಾನೆಲ್ ಮೇಲೆ ಬೀಳಿಸುತ್ತದೆ.

ಟಾರ್ಚ್ ಆರಿಸಿ ಟ್ಯೂಬ್‌ಲೈಟ್ ಹಾಕಿ ನೋಡಿ. ನೆರಳು ಕರಗಿಹೋಗುತ್ತದೆ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಹರಡುತ್ತದೆ. ಲೆಕ್ಕ ಸುಲಭ: ಬೆಳಕಿನ ಅಗಲವನ್ನು, ವಸ್ತುವಿನಿಂದ ಸೆನ್ಸರ್‌ಗಿರುವ ದೂರದಿಂದ ಗುಣಿಸಿ, ಬೆಳಕಿನಿಂದ ವಸ್ತುವಿಗಿರುವ ದೂರದಿಂದ ಭಾಗಿಸಿ. 5 ಮಿ.ಮೀ. ಅಗಲದ ಎಲ್‌ಇಡಿ 2 ಮೀಟರ್ ದೂರದಲ್ಲಿ, ವಸ್ತು ಸೆನ್ಸರ್‌ನಿಂದ 46 ಮಿ.ಮೀ. ದೂರದಲ್ಲಿ ಇದ್ದರೆ ಮಸುಕು ಸುಮಾರು 0.1 ಮಿ.ಮೀ. ಮಾತ್ರ.

ಇನ್ನೊಂದು ಸಂಗತಿ ಇಲ್ಲಿ ತುಂಬಾ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಎಲೆಯನ್ನು ಮೇಲಿನಿಂದ ಇಳಿಸಿದರೆ ಪರದೆಯಲ್ಲಿ ಕೆಳಗಿನಿಂದ ಬರುತ್ತದೆ. ಇದು ಸರಿಯಾಗೇ ಇದೆ. ಲೆನ್ಸ್ ಯಾವಾಗಲೂ ತಲೆಕೆಳಗಾದ ಚಿತ್ರ ಬೀಳಿಸುತ್ತದೆ, ಕ್ಯಾಮೆರಾ ಅದನ್ನು ತಿರುಗಿಸಿ ತೋರಿಸುವಂತೆ ಮಾಡಿರುತ್ತಾರೆ. ನೆರಳು ನೆಟ್ಟಗೆ ಬೀಳುತ್ತದೆ, ಕ್ಯಾಮೆರಾ ಅದನ್ನೂ ತಿರುಗಿಸಿಬಿಡುತ್ತದೆ. ನೀವು ನೋಡುತ್ತಿರುವುದು ನೆರಳೋ, ಲೆನ್ಸಿನಂಥ ಚಿತ್ರವೋ ಎಂದು ತಿಳಿಯಲು ಇದೇ ಗುರುತು.

## ಹಂತ 3: ವೆಬ್‌ಕ್ಯಾಮ್ ಬಿಚ್ಚುವುದು

ಅವಸರ ಬೇಡ. ಹಾಳಾಗುವುದೆಲ್ಲ ಇಲ್ಲೇ.

1. ಯುಎಸ್‌ಬಿ ಕಿತ್ತು, ಹೊರಗಿನ ಪ್ಲಾಸ್ಟಿಕ್ ಬಿಚ್ಚಿ.

2. ಲೆನ್ಸನ್ನು ಎಡಕ್ಕೆ ತಿರುಗಿಸುತ್ತಾ ಪೂರ್ತಿ ಹೊರತೆಗೆಯಿರಿ. ಬಿಗಿಯಾಗಿದ್ದರೆ ಅಂಟು ಹಾಕಿರುತ್ತಾರೆ, ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆಯಿರಿ. ಬೋರ್ಡನ್ನು ತಿರುಚಬೇಡಿ.

3. ಲೆನ್ಸ್ ಕೂರುವ ಕಪ್ಪು ಗೂಡನ್ನು ಬೋರ್ಡಿನ ಹಿಂದಿನ ಎರಡು ಪುಟ್ಟ ಸ್ಕ್ರೂ ಹಿಡಿದಿರುತ್ತವೆ. ಬೋರ್ಡನ್ನು ಕವುಚಿ ಹಿಡಿದು ಬಿಚ್ಚಿ. ಹಾಗೆ ಹಿಡಿದರೆ ಧೂಳು ಸೆನ್ಸರ್ ಮೇಲೆ ಬೀಳದು.

4. ಈಗ ಕಾಣುವ ಪುಟ್ಟ ಹೊಳೆಯುವ ಚೌಕವೇ ಸೆನ್ಸರ್. ಅದರ ಮೇಲೆ ತೆಳು ಗಾಜಿದೆ. ಆ ಗಾಜನ್ನು ಕೀಳಬೇಡಿ. ಅದರ ಕೆಳಗೆ ಕೂದಲಿಗಿಂತ ತೆಳ್ಳಗಿನ ತಂತಿಗಳಿವೆ. ಒಂದು ತುಂಡಾದರೂ ಮುಗಿಯಿತು.

ಲೆನ್ಸ್ ತೆಗೆದ ವೆಬ್‌ಕ್ಯಾಮ್‌ನಲ್ಲಿ ಎಲ್ಲವೂ ನೇರಳೆ, ಗುಲಾಬಿ ಛಾಯೆಗೆ ತಿರುಗಬಹುದು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಫಿಲ್ಟರ್ ಲೆನ್ಸಿನ ಹಿಂಬದಿಗೋ ಗೂಡಿಗೋ ಅಂಟಿರುತ್ತದೆ, ಅದೂ ಜೊತೆಗೆ ಹೋಗಿರುತ್ತದೆ. ಟಿವಿ ರಿಮೋಟ್ ತುದಿಯನ್ನು ಎದುರು ಹಿಡಿದು ಗುಂಡಿ ಒತ್ತಿ, ಪರದೆ ಮಿಣುಕುತ್ತದೆ. ಅಂಚುಗಳಲ್ಲಿ ಬಣ್ಣ ಬೇರೆಯಾಗಿಯೋ ಮಂಕಾಗಿಯೋ ಕಂಡರೂ ಹೆದರಬೇಡಿ. ಚಿಕ್ಕ ಸೆನ್ಸರ್‌ಗಳ ಪಿಕ್ಸೆಲ್ ಮೇಲೆ ಸೂಕ್ಷ್ಮ ಲೆನ್ಸ್‌ಗಳಿರುತ್ತವೆ, ಅವನ್ನು ಮೂಲ ಲೆನ್ಸಿನಿಂದ ಓರೆಯಾಗಿ ಬರುವ ಕಿರಣಕ್ಕೆ ಹೊಂದಿಸಿರುತ್ತಾರೆ.

## ಹಂತ 4: ತಾಗಿಸಿ ನೋಡುವುದು

ಈ ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಹಂತ ಇದು. ತೋಟದವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದೂ ಇದೇ.

1. ಫಾಯಿಲ್ ತುಂಡಿಗೆ ಅರ್ಧ ಮಿ.ಮೀ. ತೂತು ಮಾಡಿ ಎಲ್‌ಇಡಿ ಎದುರು ಅಂಟಿಸಿ. ಸೆನ್ಸರ್‌ನಿಂದ 10 ಸೆಂ.ಮೀ. ಮೇಲೆ, ನೇರವಾಗಿ ಕೆಳಗೆ ನೋಡುವಂತೆ ನಿಲ್ಲಿಸಿ.

2. ವೆಬ್‌ಕ್ಯಾಮ್ ತಂತ್ರಾಂಶದಲ್ಲಿ ಆಟೋ ಎಕ್ಸ್‌ಪೋಶರ್ ಆಫ್ ಮಾಡಿ. ಮಿರರ್ ಆಯ್ಕೆಯನ್ನೂ ತೆಗೆಯಿರಿ. ಏನೂ ಇಡದೆ ಒಂದು ಚಿತ್ರ ತೆಗೆದಿಡಿ. ಅದರಲ್ಲಿ ಕಾಣುವ ಕಲೆಗಳೆಲ್ಲ ಧೂಳು. ಈ ಖಾಲಿ ಚಿತ್ರ ಇಲ್ಲದಿದ್ದರೆ ಆಮೇಲೆ ಧೂಳನ್ನು ಹುಳ ಎಂದುಕೊಳ್ಳುತ್ತೀರಿ.

3. ವಸ್ತುವನ್ನು ಕವರ್ ಸ್ಲಿಪ್ ಮೇಲೆ ಇಟ್ಟು, ಸ್ಲಿಪ್ಪನ್ನು ಸೆನ್ಸರ್ ಗಾಜಿನ ಮೇಲೆ ಇಳಿಸಿ. ವಸ್ತು ಒಣಗಿರಬೇಕು. ಒದ್ದೆ ಇದ್ದರೆ ನೀರು ಬೋರ್ಡಿಗಿಳಿದು ಶಾರ್ಟ್ ಆಗುತ್ತದೆ.

ಏನು ಇಡಬೇಕು? ಕಾಫಿ ಎಲೆ ಬೇಡ, ಅದು ದಪ್ಪ, ಬರಿ ಕಪ್ಪು ಕಾಣುತ್ತದೆ. ಕಾಫಿ ಹೂವಿನ ಒಣಗಿದ ಎಸಳಿನ ಚೂರು, ಸೊಳ್ಳೆಯ ರೆಕ್ಕೆ, ಪೆಟ್ಟಿಗೆಯ ಬುಡದಲ್ಲಿ ಸತ್ತು ಬಿದ್ದ ತುಡುವೆ ಜೇನಿನ ರೆಕ್ಕೆ ಚೆನ್ನಾಗಿ ಬರುತ್ತವೆ. ಕಾಯಿಕೊರಕ ಸಿಕ್ಕರೆ ಅದನ್ನೇ ಇಡಿ. ಹೆಣ್ಣು ಕೊರಕ ಒಂದೂವರೆ ಮಿ.ಮೀ.ಗಿಂತ ತುಸು ಉದ್ದ ಅಷ್ಟೇ. 1/4 ಇಂಚಿನ ವೆಬ್‌ಕ್ಯಾಮ್ ಸೆನ್ಸರ್ ಸುಮಾರು 3.6 ಮಿ.ಮೀ. ಅಗಲ, ಹಾಗಾಗಿ ಹುಳ ಪರದೆಯ ಅರ್ಧಕ್ಕೆ ಹತ್ತಿರ ತುಂಬುತ್ತದೆ. 640 ಪಿಕ್ಸೆಲ್ ಅಗಲದ ಹಳೆ ವೆಬ್‌ಕ್ಯಾಮ್‌ನಲ್ಲಿ ಒಂದು ಪಿಕ್ಸೆಲ್ 5.6 ಮೈಕ್ರಾನ್. ಅಂದರೆ ಹುಳದ ಉದ್ದಕ್ಕೆ 280 ಪಿಕ್ಸೆಲ್‌ಗೂ ಹೆಚ್ಚು. ಇಲ್ಲಿ ಅಳತೆಗೆ ಸ್ಕೇಲ್ ಬೇಡ. ನೆರಳು ವಸ್ತುವಿನಷ್ಟೇ ದೊಡ್ಡದು, ಪಿಕ್ಸೆಲ್ ಎಣಿಸಿ 5.6ರಿಂದ ಗುಣಿಸಿದರೆ ಆಯಿತು.

ಈಗ ಎಲೆ ತುಕ್ಕು ರೋಗ ಬಂದ ಕಾಫಿ ಎಲೆಯ ಅಡಿಭಾಗದ ಕಿತ್ತಳೆ ಪುಡಿಯನ್ನು ಕವರ್ ಸ್ಲಿಪ್‌ಗೆ ಸ್ವಲ್ಪವೇ ಮುಟ್ಟಿಸಿ ಇಡಿ. ಒಂದೊಂದು ಬೀಜಕಣ ಸುಮಾರು 30 ಮೈಕ್ರಾನ್. ಇದು ಹುಳದ ಹಾಗೆ ಗಟ್ಟಿ ನೆರಳಾಗಿ ಕಾಣುವುದಿಲ್ಲ, ಒಂದರೊಳಗೊಂದು ಉಂಗುರ ಕಾಣುತ್ತವೆ. ಹೆಚ್ಚಿನವರು ಇಲ್ಲಿ ಫೋಕಸ್ ಕೆಟ್ಟಿದೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಸೆನ್ಸರ್ ಗಾಜು, ಅದರ ಕೆಳಗಿನ ಗಾಳಿ, ಕವರ್ ಸ್ಲಿಪ್ ಎಲ್ಲ ಸೇರಿ ವಸ್ತು ಪಿಕ್ಸೆಲ್‌ಗಳಿಂದ ಹತ್ತಿರ ಹತ್ತಿರ 1 ಮಿ.ಮೀ. ಮೇಲಿರುತ್ತದೆ. ಅಷ್ಟು ದೂರ ಬರುವಷ್ಟರಲ್ಲಿ ಬೆಳಕು ಅಂಚಿನಲ್ಲಿ ಬಾಗಿ ಸುಮಾರು 22 ಮೈಕ್ರಾನ್ ಹರಡುತ್ತದೆ. ದೊಡ್ಡ ಹುಳಕ್ಕೆ ಅದು ಲೆಕ್ಕಕ್ಕಿಲ್ಲ. 30 ಮೈಕ್ರಾನ್ ಕಣಕ್ಕೆ ಅದೇ ಎಲ್ಲ.

ಆ ಉಂಗುರಗಳಲ್ಲಿ ಕಣದ ಆಕಾರದ ಮಾಹಿತಿ ಇದೆ. ಒಂದೇ ಬಣ್ಣದ ಎಲ್‌ಇಡಿ ಬಳಸಿ, ತೂತನ್ನು 0.1 ಮಿ.ಮೀ.ಗೆ ಇಳಿಸಿದರೆ ಉಂಗುರಗಳು ಇನ್ನೂ ಸ್ಪಷ್ಟವಾಗುತ್ತವೆ. ಕಂಪ್ಯೂಟರ್‌ನಲ್ಲಿ ಬೆಳಕನ್ನು ಲೆಕ್ಕದ ಮೂಲಕ 1 ಮಿ.ಮೀ. ಹಿಂದಕ್ಕೆ ಓಡಿಸಿದರೆ ಕಣದ ರೂಪ ಮರಳಿ ಸಿಗುತ್ತದೆ. ಲೆನ್ಸ್ ಇಲ್ಲದ ಮೈಕ್ರೋಸ್ಕೋಪ್‌ಗಳು ಮಾಡುವುದು ಇದನ್ನೇ. ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿರುವ ಕಾಲೇಜು ಹುಡುಗ ಹುಡುಗಿಯರು ಇದನ್ನು ಮಾಡಿ ನೋಡಲೇಬೇಕು.

ಲೇಸರ್ ಪಾಯಿಂಟರ್ ಮಾತ್ರ ಬೇಡ. ನೇರವಾಗಿ ಬಿದ್ದರೆ ಸೆನ್ಸರ್ ಪಿಕ್ಸೆಲ್ ಸುಡಬಹುದು, ಕಣ್ಣಿಗೂ ಅಪಾಯ.

## ಹಂತ 5: ತೂತನ್ನು ಚಿಕ್ಕದು ಮಾಡುತ್ತಾ ಹೋಗುವುದು

ದೂರದ ವಸ್ತುವನ್ನು ಸೆನ್ಸರ್‌ಗೆ ತಾಗಿಸಲು ಆಗದು. ತಡಿಯಂಡಮೋಳ್ ಬೆಟ್ಟವನ್ನು ಕವರ್ ಸ್ಲಿಪ್ ಮೇಲೆ ಇಡೋಕಾಗಲ್ಲ. ಅದಕ್ಕೇ ತೂತು ಬೇಕು.

ನೇರವಾಗಿ ಸೂಜಿ ತೂತಿಗೆ ಹೋಗಬೇಡಿ. ಕಪ್ಪು ಚಾರ್ಟ್ ಪೇಪರಿನಲ್ಲಿ ಮೌಂಟ್ ಅಳತೆಯ ಬಿಲ್ಲೆಗಳನ್ನು ಕತ್ತರಿಸಿ. ಒಂದಕ್ಕೆ 20 ಮಿ.ಮೀ. ತೂತು, ಒಂದಕ್ಕೆ 5, ಒಂದಕ್ಕೆ 1. ಸುತ್ತ ಬೆಳಕು ಸೋರದಂತೆ ಮೌಂಟಿನ ಬಾಯಿಗೆ ಟೇಪ್ ಹಾಕಿ ಒಂದೊಂದಾಗಿ ತೆಗೆಯಿರಿ. ಡಿಎಸ್‌ಎಲ್‌ಆರ್‌ನಲ್ಲಿ, ಬಿಸಿಲು ಬಿದ್ದ, ಕಾಫಿ ಒಣಗಿಸುವ ಕಣವನ್ನು ನೋಡುತ್ತಾ, ಐಎಸ್‌ಒ 100ಕ್ಕೆ ಸಮಯ ಸುಮಾರು ಹೀಗೆ: 20 ಮಿ.ಮೀ.ಗೆ 1/4000, 5 ಮಿ.ಮೀ.ಗೆ 1/320, 1 ಮಿ.ಮೀ.ಗೆ 1/13, ಆಮೇಲೆ ಮಾಡುವ 0.3 ಮಿ.ಮೀ.ಗೆ 1 ಸೆಕೆಂಡ್.

20ರಲ್ಲಿ ಆಕಾಶ ಮೇಲೆ, ನೆಲ ಕೆಳಗೆ ಎಂಬಷ್ಟು ಮಾತ್ರ ತಿಳಿಯುತ್ತದೆ. 5ರಲ್ಲಿ ಗೋಡೆ ಒಂದು ಬಿಳಿ ಮುದ್ದೆ. 1ರಲ್ಲಿ ಮಾಡಿನ ಓರೆ ಕಾಣುತ್ತದೆ. ಆಮೇಲಿನ 0.3ರದ್ದೂ ಸೇರಿ ಈ ನಾಲ್ಕು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸೂಜಿ ತೂತಿನ ಕ್ಯಾಪ್ ಹೀಗೆ ಮಾಡಿ:

1. ಬಾಡಿ ಕ್ಯಾಪಿನ ನಟ್ಟ ನಡುವೆ 6ರಿಂದ 8 ಮಿ.ಮೀ. ತೂತು ಕೊರೆಯಿರಿ. ಪ್ಲಾಸ್ಟಿಕ್ ಪುಡಿಯನ್ನು ತೊಳೆದು ಪೂರ್ತಿ ಒಣಗಿಸಿ.

2. ಕ್ಯಾನಿನಿಂದ 2 ಸೆಂ.ಮೀ. ಚೌಕ ಕತ್ತರಿಸಿ, ರಟ್ಟಿನ ಮೇಲಿಟ್ಟು ಸೂಜಿಯ ತುದಿಯಿಂದ ಮೆಲ್ಲಗೆ ಒತ್ತಿ. ಪೂರ್ತಿ ಚುಚ್ಚಬೇಡಿ, ಹಿಂದೆ ಉಬ್ಬು ಬಂದರೆ ಸಾಕು.

3. ಆ ಉಬ್ಬನ್ನು ಮರಳು ಕಾಗದದಲ್ಲಿ ತಿಕ್ಕಿ ಸವೆಸಿ. ತೂತು ತಾನೇ ತೆರೆದುಕೊಳ್ಳುತ್ತದೆ. ಸೂಜಿ ತುದಿಯಿಂದ ಅದನ್ನು ದುಂಡಗೆ ಮಾಡಿ. ಅಂಚಿನಲ್ಲಿ ಸಿಬಿರು ಉಳಿದರೆ ಚಿತ್ರ ಮಸುಕು.

4. ಅಳೆಯಿರಿ. ಅಂಗಡಿಯ ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಸ್ಕ್ಯಾನ್ ಮಾಡಿಸಿದರೆ 0.3 ಮಿ.ಮೀ. ತೂತು ಸುಮಾರು 14 ಚುಕ್ಕೆ ಅಗಲ ಬರಬೇಕು.

5. ಒಳಮುಖಕ್ಕೆ ಕಪ್ಪು ಮಾರ್ಕರ್ ಬಳಿದು, ಕ್ಯಾಪಿನ ಹೊರಗಡೆಗೆ ಅಂಟಿಸಿ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೇಳುವ ಜಾಗಕ್ಕೆ ಯಾವ ಚೂರೂ ಚಾಚಿರಬಾರದು.

ಎಷ್ಟು ದೊಡ್ಡ ತೂತು? ನಿಕಾನ್ ಎಫ್ ಮೌಂಟಿನಿಂದ ಸೆನ್ಸರ್‌ಗೆ 46.5 ಮಿ.ಮೀ., ಕ್ಯಾನನ್ ಇಎಫ್‌ಗೆ 44. ಇವಕ್ಕೆ 0.3 ಮಿ.ಮೀ. ಸರಿ. ಮಿರರ್‌ಲೆಸ್‌ನಲ್ಲಿ ದೂರ ಕಡಿಮೆ: ಸೋನಿ ಇ 18, ನಿಕಾನ್ ಜೆಡ್ 16, ಕ್ಯಾನನ್ ಆರ್‌ಎಫ್ 20. ಅವಕ್ಕೆ 0.2 ಮಿ.ಮೀ. ಬೇಕು. ಇನ್ನೂ ಚಿಕ್ಕದು ಮಾಡಿದರೆ ಇನ್ನೂ ಸ್ಪಷ್ಟ ಎಂದು ತಿಳಿಯಬೇಡಿ. ಒಂದು ಮಿತಿ ದಾಟಿದರೆ ಬೆಳಕು ತೂತಿನ ಅಂಚಿನಲ್ಲೇ ಹರಡಿ ಚಿತ್ರ ಮತ್ತೆ ಮಸುಕಾಗುತ್ತದೆ.

0.3 ಮಿ.ಮೀ. ತೂತು 46.5 ಮಿ.ಮೀ. ದೂರಕ್ಕೆ ಸುಮಾರು ಎಫ್ 155. ಬಿಸಿಲಲ್ಲಿ 1 ಸೆಕೆಂಡ್, ಮೋಡ ಇದ್ದರೆ 8 ಸೆಕೆಂಡ್ ಆದೀತು. ಕಾಫಿ ಗಿಡದ ನೆರಳಿನಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು. ಕಪ್ಪು ಫ್ರೇಮ್ ಬಂದವರೆಲ್ಲ ಸಮಯ ಸಾಲದೆ ಸೋತವರು. ಮೊದಲು ಐಎಸ್‌ಒ 6400ಕ್ಕೆ ಏರಿಸಿ ಚಿತ್ರ ಇದೆಯೇ ನೋಡಿ. ಇದ್ದರೆ 100ಕ್ಕೆ ಇಳಿಸಿ, ಸಮಯವನ್ನು 64 ಪಟ್ಟು ಮಾಡಿ. ಟ್ರೈಪಾಡ್, 2 ಸೆಕೆಂಡ್ ಟೈಮರ್ ಎರಡೂ ಬೇಕು.

ಸ್ಪಷ್ಟತೆಯ ಬಗ್ಗೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ದೂರದ ಒಂದೊಂದು ಚುಕ್ಕೆಯೂ ಸೆನ್ಸರ್ ಮೇಲೆ ತೂತಿನಷ್ಟೇ ಅಗಲವಾಗಿ ಬೀಳುತ್ತದೆ. 36×24 ಮಿ.ಮೀ. ಸೆನ್ಸರ್ ಮೇಲೆ 0.3 ಮಿ.ಮೀ.ನ ಚುಕ್ಕೆ ಅಡ್ಡಕ್ಕೆ 120, ಉದ್ದಕ್ಕೆ 80 ಹಿಡಿಸುತ್ತದೆ. ಅಂದರೆ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೂ ನಿಜವಾಗಿ ಸಿಗುವುದು ಹತ್ತಿರ ಹತ್ತಿರ ಹತ್ತು ಸಾವಿರ ಚುಕ್ಕೆ. ಮಸುಕಾಗಿ ಕಂಡರೆ ಅದು ನಿಮ್ಮ ತಪ್ಪಲ್ಲ.

ಬಿಟ್ಟುಹೋಗಬಾರದ ಒಂದು ಆಟ ಇದೆ. 3 ಮಿ.ಮೀ. ಅಂತರದಲ್ಲಿ ಎರಡು ತೂತು ಮಾಡಿ. ಎರಡು ಚಿತ್ರ ಒಂದರ ಮೇಲೊಂದು ಬೀಳುತ್ತವೆ. ಲೆಕ್ಕ ಹಾಕಿದ ವಿನ್ಯಾಸದಲ್ಲಿ ನೂರಾರು ತೂತು ಮಾಡಿದರೆ ಕಣ್ಣಿಗೆ ಕಲಸಿಹೋಗುತ್ತದೆ, ಆದರೆ ವಿನ್ಯಾಸ ಗೊತ್ತಿರುವ ಕಂಪ್ಯೂಟರ್ ಬಿಡಿಸಬಲ್ಲದು. ಬೆಳಕೂ ಜಾಸ್ತಿ ಸಿಗುತ್ತದೆ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಸಿಜೆಡ್‌ಟಿಐ ಉಪಕರಣದಲ್ಲಿ ಇಂಥದ್ದೇ ತೂತುಗಳ ಮುಸುಕು ಇದೆ. ಅದು ನೋಡುವ ಎಕ್ಸ್‌ರೇ ಕಿರಣಗಳನ್ನು ಗಾಜಿನ ಲೆನ್ಸ್ ಬಗ್ಗಿಸಲಾರದು.

## ಹಂತ 6: ಲೆನ್ಸ್

ಇಲ್ಲಿಯವರೆಗೆ ಬಂದವರಿಗೆ ಇದು ಸುಲಭ. ಭೂತಗನ್ನಡಿಯಿಂದ ಕಿಟಕಿಯಾಚೆಯ ಬೆಟ್ಟದ ಚಿತ್ರವನ್ನು ಬಿಳಿ ಕಾಗದದ ಮೇಲೆ ಬೀಳಿಸಿ. ಚಿತ್ರ ಸ್ಪಷ್ಟವಾದಾಗ ಗಾಜಿನಿಂದ ಕಾಗದಕ್ಕೆ ಇರುವ ದೂರವೇ ಅದರ ಫೋಕಲ್ ದೂರ. 100 ಮಿ.ಮೀ. ಎಂದುಕೊಳ್ಳೋಣ. ನಿಕಾನ್ ಡಿಎಸ್‌ಎಲ್‌ಆರ್‌ಗೆ 53 ಮಿ.ಮೀ. ಉದ್ದದ ಕಪ್ಪು ಕೊಳವೆ ಸುತ್ತಿ, ತುದಿಗೆ ಗಾಜು ಕೂರಿಸಿ, ಮೌಂಟಿಗೆ ಹಿಡಿಯಿರಿ. ಬೆಟ್ಟ ಮೂಡುತ್ತದೆ.

ಹತ್ತಿರದ ವಸ್ತುವಿಗೆ ಗಾಜು ಮುಂದೆ ಹೋಗಬೇಕು. ಕಾಫಿ ಹಣ್ಣು ಗಾಜಿನಿಂದ 300 ಮಿ.ಮೀ. ದೂರದಲ್ಲಿದ್ದರೆ ಗಾಜು ಸೆನ್ಸರ್‌ನಿಂದ 150 ಮಿ.ಮೀ. ದೂರದಲ್ಲಿರಬೇಕು. ಹಣ್ಣು 200ಕ್ಕೆ ಬಂದರೆ ಗಾಜೂ 200ಕ್ಕೆ, ಆಗ ಚಿತ್ರ ಹಣ್ಣಿನಷ್ಟೇ ದೊಡ್ಡದು. ನೆರಳಿಗೂ ತೂತಿಗೂ ಫೋಕಸ್ ಎಂಬುದೇ ಇರಲಿಲ್ಲ, ಗಮನಿಸಿದಿರಾ? ಲೆನ್ಸ್ ಬಂದೊಡನೆ ಅದೂ ಬಂತು.

ಲಾಭ ಬೆಳಕಿನದ್ದು. 50 ಮಿ.ಮೀ. ಅಗಲದ ಈ ಗಾಜು ಎಫ್ 2. ಎಫ್ 155ರ ತೂತಿಗಿಂತ ಸುಮಾರು 6000 ಪಟ್ಟು ಬೆಳಕು. ಆದರೆ ಒಂಟಿ ಗಾಜು ಅಂಚಿನಲ್ಲಿ ಬಣ್ಣ ಚೆಲ್ಲುತ್ತದೆ. 10 ಮಿ.ಮೀ. ತೂತಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಎಫ್ 10 ಆಗುತ್ತದೆ, ಚಿತ್ರ ತಕ್ಷಣ ಹರಿತವಾಗುತ್ತದೆ. ಬಿಸಿಲಲ್ಲಿ 1/250 ಸೆಕೆಂಡ್ ಸಾಕು.

ಗಾಜು ಹಾಕಿದ ಮೇಲೆ ಕ್ಯಾಮೆರಾವನ್ನು ಸೂರ್ಯನ ಕಡೆ ತಿರುಗಿಸಲೇಬೇಡಿ. ಕಾಗದ ಸುಡುವ ಗಾಜು ಶಟರ್ ಪರದೆಯನ್ನೂ ಸೆನ್ಸರನ್ನೂ ಸುಡುತ್ತದೆ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಣ್ಣಿಟ್ಟಿದ್ದರೆ ಕಣ್ಣಿಗೂ ಅಪಾಯ.

## ಎಚ್ಚರಿಕೆಯ ಗುರುತುಗಳು

ಎಲ್ಲ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ಸೆನ್ಸರ್ ಮೇಲಿನ ಧೂಳು. ಪಿನ್‌ಹೋಲ್‌ನಲ್ಲಿ ಇದು ಎದ್ದು ಕಾಣುತ್ತದೆ, ಯಾಕೆಂದರೆ ಚಿಕ್ಕ ತೂತಿನಿಂದ ಬಂದ ಬೆಳಕು ಧೂಳಿಗೂ ಹರಿತ ನೆರಳು ಕೊಡುತ್ತದೆ, 2ನೇ ಹಂತದಲ್ಲಿ ಎಲೆಗೆ ಕೊಟ್ಟಂತೆ. ಬಾಯಲ್ಲಿ ಊದಬೇಡಿ, ಎಂಜಲು ಸಿಡಿಯುತ್ತದೆ. ಬಟ್ಟೆ, ಹತ್ತಿ ಯಾವುದೂ ಬೇಡ. ಮೌಂಟನ್ನು ಕೆಳಮುಖ ಮಾಡಿ ಬ್ಲೋವರ್‌ನಿಂದ ಊದಿ.

ಫ್ರೇಮಿನ ಒಂದು ಮೂಲೆಯಿಂದ ಬಿಳಿ ಮಂಜು ಹರಡಿದ್ದರೆ ಕ್ಯಾಪಿನ ಸುತ್ತ ಬೆಳಕು ಸೋರುತ್ತಿದೆ. ತೂತನ್ನು ಮುಚ್ಚಿ ಅದೇ ಸಮಯಕ್ಕೆ ಒಂದು ಚಿತ್ರ ತೆಗೆಯಿರಿ, ಪೂರ್ತಿ ಕಪ್ಪು ಬರಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಹಿಂದಿನ ಕಿಂಡಿಯಿಂದಲೂ ಬೆಳಕು ಬರುತ್ತದೆ, ಅದಕ್ಕೂ ಟೇಪ್ ಹಾಕಿ.

ತಾಗಿಸಿದ ನೆರಳಿಗೆ ಎರಡೆರಡು ಅಂಚು ಕಂಡರೆ ಕೋಣೆಯಲ್ಲಿ ಇನ್ನೊಂದು ಬೆಳಕು ಇದೆ. ಲ್ಯಾಪ್‌ಟಾಪ್ ಪರದೆಯೇ ಇರಬಹುದು, ಆಚೆ ತಿರುಗಿಸಿ. ಕವರ್ ಸ್ಲಿಪ್ ಕೆಳಗೆ ಮಂಜು ಕಟ್ಟುತ್ತಿದ್ದರೆ ವಸ್ತು ಒಣಗಿಲ್ಲ, ತಕ್ಷಣ ಯುಎಸ್‌ಬಿ ಕೀಳಿ.

ಕೆಲಸ ಮುಗಿದ ದಿನವೇ ಲೆನ್ಸ್ ಅಥವಾ ಮುಚ್ಚಿದ ಕ್ಯಾಪ್ ಹಾಕಿ. ತೂತಿನ ಕ್ಯಾಪನ್ನು ಕ್ಯಾಮೆರಾದಲ್ಲೇ ಬಿಟ್ಟರೆ ಒದ್ದೆ ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. ಬಿಚ್ಚಿದ ವೆಬ್‌ಕ್ಯಾಮ್ ಬೋರ್ಡನ್ನೂ ಕ್ಯಾಮೆರಾವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬೇಗ ತೇವ ಹೀರಿ ಬಣ್ಣ ಬದಲಿಸುತ್ತದೆ. ವಾರಕ್ಕೊಮ್ಮೆ ನೋಡಿ, ಬಣ್ಣ ತಿರುಗಿದ್ದರೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆ ಕಾವಲಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ.